ಶಿಬಿರ ಸೇವೆಯ ವಿಮರ್ಶೆ: ಮನೆ ಸುಧಾರಿಸಿದೆ, ಹಾಜರಿ ಪುಸ್ತಕ ಸುಧಾರಿಸಬೇಕು

ಶ್ರೀಲಂಕಾದಿಂದ ಆಶ್ರಯ ಕೋರಿ ಬಂದ ತಮಿಳರಿಗಾಗಿ ತಮಿಳುನಾಡು ಸರ್ಕಾರ 1983ರಿಂದ ಶಿಬಿರಗಳನ್ನು ನಡೆಸುತ್ತಿದೆ. ತಾಳವಾಡಿ, ಹಾಸನೂರು, ಸತ್ಯಮಂಗಲದ ಕನ್ನಡಿಗರಿಗೆ ಇವುಗಳಲ್ಲಿ ಹತ್ತಿರದ್ದು ದಿಂಬಂ ಘಟ್ಟದ ಕೆಳಗಿನ ಭವಾನಿಸಾಗರದ್ದು. ಅಣೆಕಟ್ಟಿನ ಊರಿನಲ್ಲೇ ಇರುವ ಇದು ರಾಜ್ಯದ ದೊಡ್ಡ ಶಿಬಿರಗಳಲ್ಲಿ ಒಂದು. ನಮ್ಮ ಕಡೆಯವರು ಅಲ್ಲಿನ ಜನರನ್ನು ಬಣ್ಣ ಬಳಿಯುವ ಕೆಲಸಗಾರರಾಗಿ, ಶಾಲೆ ಕಾಲೇಜಿನ ಸಹಪಾಠಿಗಳಾಗಿ ಬಲ್ಲರು. ಆದರೆ ಸರ್ಕಾರ ಅವರಿಗೆ ಏನೇನು ಕೊಡುತ್ತದೆ, ಅದರಲ್ಲಿ ಎಷ್ಟು ಸಾಕಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಮನೆ, ನೀರು, ಹಣ, ಅಕ್ಕಿ, ಕಾಗದಪತ್ರ ಎಲ್ಲವನ್ನೂ ಸೇರಿಸಿ ಒಂದು ಸರ್ಕಾರಿ ಸೇವೆಯೆಂದು ಇದನ್ನು ಇಲ್ಲಿ ತೂಗಿ ನೋಡಲಾಗಿದೆ. ತಾಳವಾಡಿ ಫಿರ್ಕಾದ (ಹೋಬಳಿಯ) ಶಿಕ್ಷಕರು, ಕಂತ್ರಾಟುದಾರರು, ವಕೀಲರು, ಪಂಚಾಯಿತಿಯವರಿಗೆ ಉಪಯೋಗಕ್ಕೆ ಬರಲಿ ಎಂಬುದು ಉದ್ದೇಶ.

ನಮ್ಮ ತೀರ್ಮಾನ ಇಷ್ಟು: 2021ರ ನಂತರ ಕಟ್ಟಿದ ಮನೆಗಳು ನಿಜಕ್ಕೂ ಒಳ್ಳೆಯ ಕೆಲಸ. ಮಾಸಿಕ ಹಣ ಸಾಲದು. ಎಲ್ಲಕ್ಕಿಂತ ದೊಡ್ಡ ದೋಷ ಶಿಬಿರದ ಹಾಜರಿ ಪುಸ್ತಕದಲ್ಲಿದೆ. ಮನೆ, ಅಕ್ಕಿ, ಹಣ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಆ ಒಂದೇ ಪುಸ್ತಕಕ್ಕೆ ಜೋತುಬಿದ್ದಿವೆ. ಹೆಸರು ಹೊಡೆದುಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಮೊದಲು ಮನೆಯ ವಿಚಾರ. ಹಳೆಯ ಶಿಬಿರಗಳಲ್ಲಿ ಒಂದು ಕುಟುಂಬಕ್ಕೆ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಹತ್ತು ಅಡಿಗೆ ಹತ್ತು ಅಡಿಯ ಕೋಣೆ, ಅಂದರೆ ಸುಮಾರು 9.3 ಚದರ ಮೀಟರ್. ನಾಲ್ಕು ಜನರಿದ್ದರೆ ತಲೆಗೆ 2.3 ಚದರ ಮೀಟರ್ ಬರುತ್ತದೆ. ವಿಪತ್ತಿನ ವೇಳೆಯ ತಾತ್ಕಾಲಿಕ ಶಿಬಿರಕ್ಕೆಂದು ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್ ಕೈಪಿಡಿ ಕೂಡ ತಲೆಗೆ ಕನಿಷ್ಠ 3.5 ಚದರ ಮೀಟರ್ ಕೇಳುತ್ತದೆ. ಒಲೆಯೂ ಒಳಗೇ ಇದ್ದರೆ 4.5ರಿಂದ 5.5 ಬೇಕು. ಭೂಕಂಪದ ಮರುದಿನಕ್ಕೆ ಹೇಳಿದ ಈ ಕನಿಷ್ಠ ಅಳತೆಯೂ ಇಲ್ಲದ ಕೋಣೆಗಳಲ್ಲಿ ಕುಟುಂಬಗಳು ಮೂವತ್ತು ವರ್ಷ ಕಳೆದಿವೆ. ಮಗನಿಗೆ ಮದುವೆಯಾದಾಗ ನಡುವೆ ಸೀರೆ ಕಟ್ಟಿ ಕೋಣೆಯನ್ನು ಎರಡು ಮಾಡುವುದೊಂದೇ ದಾರಿಯಾಗಿತ್ತು.

2021ರ ಆಗಸ್ಟ್ 27ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ 317.40 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದರು. ಅದರಲ್ಲಿ 231.54 ಕೋಟಿ 7,469 ಹೊಸ ಮನೆಗಳಿಗೆ. ಭಾಗಿಸಿ ನೋಡಿದರೆ ಮನೆಯೊಂದಕ್ಕೆ 3.10 ಲಕ್ಷ ಆಗುತ್ತದೆ. ಆ ಮೊತ್ತಕ್ಕೆ ಕಟ್ಟಲಾಗದು ಎಂಬುದು ಬೇಗ ಗೊತ್ತಾಯಿತು. 2023ರ ಸೆಪ್ಟೆಂಬರಿನಲ್ಲಿ ವೆಲ್ಲೂರಿನ ಮೇಲ್‌ಮೊಣವೂರಿನಲ್ಲಿ ಉದ್ಘಾಟನೆಯಾದ ಕಂತಿನಲ್ಲಿ 1,591 ಮನೆಗಳಿಗೆ 79.70 ಕೋಟಿ ತಗುಲಿತ್ತು, ಅಂದರೆ ಮನೆಗೆ 5 ಲಕ್ಷ. ಅಂದಾಜು ಏರಿದಾಗ ಮನೆಯ ಅಳತೆ ಕುಗ್ಗಿಸದೆ ಹಣ ಏರಿಸಿದ್ದು ಸರ್ಕಾರ ತೆಗೆದುಕೊಂಡ ಸರಿಯಾದ ನಿರ್ಧಾರ, ಅದನ್ನು ಮೆಚ್ಚಲೇಬೇಕು.

ಹೊಸ ಮನೆ ಸುಮಾರು 300 ಚದರ ಅಡಿ, ಹತ್ತಿರ ಹತ್ತಿರ 28 ಚದರ ಮೀಟರ್. ನಾಲ್ಕು ಜನರಿಗೆ ತಲೆಗೆ 7 ಚದರ ಮೀಟರ್ ಸಿಗುತ್ತದೆ. ಅಡುಗೆಮನೆ ಬೇರೆ, ಶೌಚಾಲಯ ಮನೆಯದ್ದೇ. ಹೆಣ್ಣುಮಕ್ಕಳಿಗೆ ಇದರಿಂದ ಆದ ಅನುಕೂಲ ದೊಡ್ಡದು. ಕತ್ತಲಲ್ಲಿ ಸಾಮೂಹಿಕ ಶೌಚಾಲಯದವರೆಗೆ ನಡೆಯುವುದು ತಪ್ಪುತ್ತದೆ, ಸ್ನಾನಕ್ಕೆ ಬಾಗಿಲಿರುತ್ತದೆ.

ಕೊರತೆ ಎರಡು. ಮನೆಯ ಹಕ್ಕುಪತ್ರ ನಿವಾಸಿಗೆ ಸಿಗುವುದಿಲ್ಲ. ಜಾಗ ಸರ್ಕಾರದ್ದು, ಮನೆ ಹಂಚಿಕೆಯದ್ದು. ಎರಡನೆಯದಾಗಿ, ಹಂಚಿಕೆ ಪುಸ್ತಕದಲ್ಲಿರುವ ಕುಟುಂಬದ ಲೆಕ್ಕದಲ್ಲಿ ನಡೆಯುತ್ತದೆ. ಮದುವೆಯಾದ ಮಗ ತನ್ನ ಸಂಸಾರವನ್ನು ಬೇರೆ ಕುಟುಂಬವೆಂದು ಬರೆಸದಿದ್ದರೆ ಹೊಸ ಮನೆಯ ಪಟ್ಟಿಯಲ್ಲಿ ಅವನಿಲ್ಲ. ಮದುವೆಯಾದ ತಿಂಗಳಲ್ಲೇ ನೋಂದಣಿ ಪತ್ರ ಹಿಡಿದು ಕುಟುಂಬ ಬೇರ್ಪಡಿಸಲು ಅರ್ಜಿ ಕೊಡುವುದು ಒಳ್ಳೆಯದು, ಮನೆ ಬಂದಾಗ ನೋಡೋಣ ಎಂದು ಕಾಯಬಾರದು.

ನೀರಿನ ವಿಷಯದಲ್ಲಿ ಅಧಿಕಾರಿಗಳ ವರದಿ ಒಂದು ಹೇಳುತ್ತದೆ, ಕೊಡ ಇನ್ನೊಂದು ಹೇಳುತ್ತದೆ. ಸ್ಫಿಯರ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 15 ಲೀಟರ್. ನಾಲ್ಕು ಜನರ ಮನೆಗೆ 60 ಲೀಟರ್, ಅಂದರೆ ದೊಡ್ಡ ಪ್ಲಾಸ್ಟಿಕ್ ಕೊಡದಲ್ಲಿ ನಾಲ್ಕು ಕೊಡ. ಒಂದು ನಲ್ಲಿಗೆ 250 ಜನ ಎಂಬ ಅದರ ಇನ್ನೊಂದು ಲೆಕ್ಕವನ್ನೇ ಹಿಡಿದು ‘ನಲ್ಲಿಗಳು ಸಾಕಷ್ಟಿವೆ’ ಎಂದು ಬರೆಯುವುದುಂಟು. ಆ 250ರ ಹಿಂದೆ ಇರುವ ಷರತ್ತು ಮರೆತುಹೋಗುತ್ತದೆ. ನಲ್ಲಿಯಿಂದ ನಿಮಿಷಕ್ಕೆ 7.5 ಲೀಟರ್ ಬರಬೇಕು. ಅಷ್ಟು ಬಂದರೂ 250 ಜನರಿಗೆ ಬೇಕಾದ 3,750 ಲೀಟರ್ ತುಂಬಲು 500 ನಿಮಿಷ, ಎಂಟು ಗಂಟೆಗೂ ಮಿಕ್ಕಿ ನೀರು ಹರಿಯಬೇಕು. ದಿನಕ್ಕೆ ಎರಡೇ ಗಂಟೆ ನೀರು ಬಿಡುವ ಕಡೆ ಅದೇ ನಲ್ಲಿ ಕೊಡುವುದು 900 ಲೀಟರ್, 60 ಜನರಿಗೆ ಮಾತ್ರ. ಹಾಗಾಗಿ ಶಿಬಿರ ನೋಡಲು ಹೋದವರು ನಲ್ಲಿ ಎಣಿಸಿ ಬರಬಾರದು. ನೀರು ಬಿಡುವ ಹೊತ್ತಿಗೆ ಹೋಗಿ, ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಬೇಕು. 15 ಲೀಟರಿನ ಕೊಡಕ್ಕೆ ಎರಡು ನಿಮಿಷ ಸರಿಯಾದ ಅಳತೆ. ಐದು ನಿಮಿಷ ಹಿಡಿದರೆ ಪೈಪಿನಲ್ಲಿ ಒತ್ತಡ ಇಲ್ಲ, ಅಥವಾ ಮೇಲಿನ ಸಾಲಿನವರು ಮೋಟಾರು ಹಾಕಿ ಎಳೆಯುತ್ತಿದ್ದಾರೆ ಎಂದೇ ಅರ್ಥ.

ಸಾಮೂಹಿಕ ಶೌಚಾಲಯ ಇನ್ನೂ ಉಳಿದಿರುವ ಕಡೆ 20 ಜನರಿಗೆ ಒಂದು, ಮನೆಯಿಂದ 50 ಮೀಟರಿನೊಳಗೆ ಇರಬೇಕು. ಬೀಗ ಹಾಕಿದ್ದನ್ನು, ನೀರಿಲ್ಲದ್ದನ್ನು ಲೆಕ್ಕಕ್ಕೆ ಸೇರಿಸಬಾರದು. ಅಣೆಕಟ್ಟಿನ ಪಕ್ಕದ ಶಿಬಿರಗಳಿಗೆ ಒಂದು ವಿಶೇಷ ತೊಂದರೆಯಿದೆ. ಲೋಕೋಪಯೋಗಿ ಇಲಾಖೆಯ ಖಾಲಿ ಜಾಗ ಸಿಗುವುದೇ ಅಣೆಕಟ್ಟಿನ ಬಳಿ ಎಂಬ ಕಾರಣಕ್ಕೆ ಅನೇಕ ಶಿಬಿರಗಳು ಅಲ್ಲಿ ಹುಟ್ಟಿದವು. ಜಲಾಶಯದ ಕೆಳಗೆ, ಕಾಲುವೆಯ ಬದಿಯಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ. ಶೌಚದ ಗುಂಡಿಯ ತಳ ಅಂತರ್ಜಲಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು, ಕುಡಿಯುವ ನೀರಿನ ಮೂಲದಿಂದ 30 ಮೀಟರ್ ದೂರವಿರಬೇಕು. ಮಳೆಗಾಲದ ನೀರಿನ ಮಟ್ಟ ನೋಡದೆ ಬೇಸಿಗೆಯಲ್ಲಿ ಅಗೆದ ಇಂಗುಗುಂಡಿ ಜಲಾಶಯ ತುಂಬಿದ ತಿಂಗಳಲ್ಲಿ ಉಕ್ಕುತ್ತದೆ. ಅಂಥ ಜಾಗಕ್ಕೆ ತಳ ಮುಚ್ಚಿದ ಸೆಪ್ಟಿಕ್ ಟ್ಯಾಂಕು, ಅದನ್ನು ಕಾಲಕಾಲಕ್ಕೆ ಖಾಲಿ ಮಾಡಿಸುವ ಗಾಡಿಯ ಖರ್ಚು ಎರಡನ್ನೂ ಮೊದಲೇ ಅಂದಾಜಿನಲ್ಲಿ ಸೇರಿಸಬೇಕು. ಕಟ್ಟಲು ಹಣವಿದ್ದು ಖಾಲಿ ಮಾಡಿಸಲು ಹಣವಿಲ್ಲದಿದ್ದರೆ ಶೌಚಾಲಯ ಉಗ್ರಾಣವಾಗಿ ಬದಲಾಗುತ್ತದೆ.

ಹಣದ ವಿಚಾರಕ್ಕೆ ಬಂದರೆ, 2021ರ ಏರಿಕೆಯ ನಂತರ ಕುಟುಂಬದ ಯಜಮಾನರಿಗೆ ತಿಂಗಳಿಗೆ 1,500 ರೂಪಾಯಿ, ಉಳಿದ ಹಿರಿಯರಿಗೆ ತಲಾ 1,000, 12 ವರ್ಷದೊಳಗಿನ ಮಕ್ಕಳಿಗೆ ತಲಾ 500. ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳಿದ್ದರೆ ಒಟ್ಟು 3,500. ದಿನಕ್ಕೆ ತಲೆಗೆ 29 ರೂಪಾಯಿ. ಅಕ್ಕಿಗೆ ಮೊದಲು ಕಿಲೋಗೆ 57 ಪೈಸೆ ಹಿಡಿಯುತ್ತಿದ್ದರು, ಅದನ್ನು ತೆಗೆದು ಉಚಿತ ಮಾಡಿದರು. ಗ್ಯಾಸ್ ಸಂಪರ್ಕ, ಒಲೆ ಉಚಿತ. ವರ್ಷಕ್ಕೆ ಐದು ಸಿಲಿಂಡರಿಗೆ ತಲಾ 400 ರೂಪಾಯಿ ಸಹಾಯಧನ. ಅಕ್ಕಿ, ಗ್ಯಾಸು ಇರುವುದರಿಂದ ಹಸಿವು ತಪ್ಪುತ್ತದೆ. ಬೇಳೆ, ಎಣ್ಣೆ, ತರಕಾರಿ, ಹಾಲು, ಬಸ್ಸು, ಔಷಧಿ ಎಲ್ಲವೂ ಆ 29 ರೂಪಾಯಿಯಲ್ಲಿ ಆಗಬೇಕು. ದುಡಿಯುವವರಿರುವ ಮನೆ ಹೇಗೋ ನಡೆಯುತ್ತದೆ. ಒಂಟಿ ವೃದ್ಧೆ, ಅಂಗವಿಕಲರಿರುವ ಮನೆ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಮನೆ ನಡೆಯುವುದಿಲ್ಲ.

ಮೊತ್ತಕ್ಕಿಂತ ಅದು ಏರುವ ರೀತಿಯೇ ದೊಡ್ಡ ದೋಷ. 2011ರಲ್ಲಿ 1,000, 750, 400 ಎಂದು ನಿಗದಿಯಾಗಿದ್ದು ಮತ್ತೆ ಏರಿದ್ದು ಹತ್ತು ವರ್ಷಕ್ಕೆ. ಬೆಲೆ ಏರಿದಂತೆ ತಾನಾಗಿ ಏರುವ ಏರ್ಪಾಟು ಇಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುವ ದೇಶದಲ್ಲಿ ಇದು ಅಸಾಧ್ಯದ ಕೆಲಸವಲ್ಲ. ಇನ್ನೊಂದು ಸೂಕ್ಷ್ಮವಿದೆ: ಮಗುವಿಗೆ 12 ತುಂಬಿದಾಗ 500 ಇದ್ದದ್ದು 1,000 ಆಗಬೇಕು. ಪುಸ್ತಕದಲ್ಲಿ ಹುಟ್ಟಿದ ದಿನಾಂಕ ಸರಿಯಾಗಿ ಇಲ್ಲದಿದ್ದರೆ, ತಿದ್ದಿಸದಿದ್ದರೆ ತಿಂಗಳಿಗೆ 500 ಹೋದದ್ದು ಹೋದಂತೆಯೇ.

ಈಗ ಹಾಜರಿ ಪುಸ್ತಕ. ಶಿಬಿರದ ಆಡಳಿತ ಕಂದಾಯ ಇಲಾಖೆಯದ್ದು. ಕಂದಾಯ ನಿರೀಕ್ಷಕ (ಆರ್‌ಐ), ತಹಸೀಲ್ದಾರ್, ಜಿಲ್ಲಾಧಿಕಾರಿ, ಅವರ ಮೇಲೆ ಚೆನ್ನೈನ ಪುನರ್ವಸತಿ ಆಯುಕ್ತರು. ನಿಗಾ ಇಡುವುದು ಪೊಲೀಸರ ಗುಪ್ತಚರ ವಿಭಾಗವಾದ ಕ್ಯೂ ಬ್ರಾಂಚ್. ತಿಂಗಳ ತಪಾಸಣೆಯ ದಿನ ಎಲ್ಲರೂ ಶಿಬಿರದಲ್ಲಿ ಹಾಜರಿರಬೇಕು, ಹೆಸರು ಕೂಗಿದಾಗ ಎದುರು ನಿಲ್ಲಬೇಕು. ಇಲ್ಲದವರ ಹಣ ನಿಲ್ಲುತ್ತದೆ. ಮತ್ತೆ ಮತ್ತೆ ಇಲ್ಲದಿದ್ದರೆ ಹೆಸರೇ ಹೋಗುತ್ತದೆ. ಮತ್ತೆ ಸೇರಿಸಲು ಕಡತ ಕೆಳಗಿನಿಂದ ಮೇಲಿನವರೆಗೆ ಹತ್ತಿ ಇಳಿಯಬೇಕು.

ಯಾರು ಎಲ್ಲಿದ್ದಾರೆ ಎಂದು ತಿಳಿಯುವುದು ಸರ್ಕಾರಕ್ಕೆ ಬೇಕಾದ್ದೇ. ಆದರೆ ಈ ಏರ್ಪಾಟು ಎರಡು ಬೇರೆ ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ನಿಗಾ ಒಂದು, ಅನ್ನ ಇನ್ನೊಂದು. ದೂರದ ಊರಿನಲ್ಲಿ ಕೆಲಸಕ್ಕಿರುವವನು ತಿಂಗಳಿಗೊಮ್ಮೆ ದಿನದ ಕೂಲಿ, ಬಸ್ ಖರ್ಚು ಕಳೆದುಕೊಂಡು ಬರಬೇಕು. ಬಾಣಂತಿ, ಆಸ್ಪತ್ರೆಯಲ್ಲಿರುವವರು, ಪರೀಕ್ಷೆ ಬರೆಯುತ್ತಿರುವ ಕಾಲೇಜು ಹುಡುಗಿ ಇವರೆಲ್ಲ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಿ, ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳದಿದ್ದರೆ ಗೈರುಹಾಜರಿ. ಬಾಯಿಮಾತಿನ ಅನುಮತಿ ಅಧಿಕಾರಿ ವರ್ಗವಾದ ದಿನವೇ ಮುಗಿಯಿತು. ಸರ್ಕಾರ ಒಂದೇ ಒಂದು ಸುಧಾರಣೆ ಮಾಡುವುದಿದ್ದರೆ ಇದನ್ನು ಮಾಡಲಿ: ಹೆಸರು ತೆಗೆಯುವ ಮೊದಲು ಲಿಖಿತ ನೋಟಿಸು, ಉತ್ತರಿಸಲು 30 ದಿನ, ಮೇಲ್ಮನವಿಗೆ ಒಬ್ಬ ಅಧಿಕಾರಿ, ಮತ್ತು ತೀರ್ಮಾನವಾಗುವವರೆಗೆ ಅಕ್ಕಿ ನಿಲ್ಲಿಸಬಾರದು. ಇದಕ್ಕೆ ಹೊಸ ಕಟ್ಟಡ ಬೇಡ, ಕೋಟಿ ರೂಪಾಯಿ ಬೇಡ, ಒಂದು ಸರ್ಕಾರಿ ಆದೇಶ ಸಾಕು.

ಇಷ್ಟು ಸುಲಭದ ಆದೇಶವೂ ಬಾರದಿರಲು ಕಾರಣ ಕಾನೂನಿನಲ್ಲಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಅದರ ಪ್ರೋಟೊಕಾಲಿಗಾಗಲಿ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. ಶಿಬಿರದಲ್ಲಿ ಕೊಡುವುದೆಲ್ಲ ಆದೇಶದ ಮೇಲೆ ಕೊಡುವುದು, ಖರ್ಚನ್ನು ರಾಜ್ಯ ಮೊದಲು ಮಾಡಿ ಕೇಂದ್ರ ಗೃಹ ಇಲಾಖೆಯಿಂದ ಮರಳಿ ಪಡೆಯುವುದು. ಕೇಂದ್ರ ಒಪ್ಪದಿದ್ದರೆ ಏನಾಗುತ್ತದೆ ಎಂಬುದು 2022ರಲ್ಲಿ ಕಾಣಿಸಿತು. ಆರ್ಥಿಕ ಕುಸಿತದಿಂದ ಕಂಗೆಟ್ಟು ಆ ವರ್ಷದ ಮಾರ್ಚಿನಿಂದ ಧನುಷ್ಕೋಟಿಯ ಕಡಲತೀರಕ್ಕೆ ದೋಣಿಯಲ್ಲಿ ಬಂದಿಳಿದವರನ್ನು ರಾಮೇಶ್ವರದ ಬಳಿಯ ಮಂಡಪಂ ಶಿಬಿರದಲ್ಲಿ ಇರಿಸಿದರು. ಹಿಂದಿನವರಂತೆ ಅವರನ್ನು ನಿರಾಶ್ರಿತರೆಂದು ಕೇಂದ್ರ ಗುರುತಿಸಲಿಲ್ಲ. ಊಟ, ವಸತಿ ರಾಜ್ಯದ್ದಾಯಿತು, ಹಳಬರಿಗೆ ಬರುವ ಮಾಸಿಕ ಹಣ ಇವರಿಗಿರಲಿಲ್ಲ. ಒಂದೇ ಬೇಲಿಯೊಳಗೆ ಎರಡು ಬಗೆಯ ಜನ.

ಯುರೋಪಿನಲ್ಲಿ ಇದನ್ನು ಹೊಣೆಯೆಂದು ಬರೆದಿಟ್ಟಿದ್ದಾರೆ. ಆಶ್ರಯ ಕೋರಿದವರಿಗೆ ವಸತಿ, ಊಟ, ಬಟ್ಟೆ, ಖರ್ಚಿಗೆ ಭತ್ಯೆ ಕೊಡಲೇಬೇಕು ಎಂಬ ನಿರ್ದೇಶನ ಅಲ್ಲಿನ ಸದಸ್ಯ ದೇಶಗಳ ಮೇಲಿದೆ. ಒಮ್ಮೆಲೇ ತುಂಬಾ ಜನ ಬಂದರು, ಜಾಗ ಇರಲಿಲ್ಲ ಎಂದು ಐರ್ಲೆಂಡ್ ಸರ್ಕಾರ ವಾದಿಸಿದಾಗ, ಅದು ಮೂಲಭೂತ ಅಗತ್ಯ ಪೂರೈಸದಿರಲು ನೆಪವಾಗದು ಎಂದು 2025ರ ಆಗಸ್ಟ್ 1ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಹೇಳಿತು. ಜನರನ್ನು ಬೀದಿಯಲ್ಲಿ ಮಲಗಿಸಿದ ಸರ್ಕಾರಗಳು ಅಲ್ಲೂ ಇವೆ, ಆದರೆ ಕೇಳಲು ಒಂದು ಕಟಕಟೆ ಇದೆ. ನಮ್ಮಲ್ಲಿ ಹಿಡಿಯಬಹುದಾದ ಆಧಾರ ಸಂವಿಧಾನದ 21ನೇ ವಿಧಿ. ಅದು ನಾಗರಿಕ ಎನ್ನುವುದಿಲ್ಲ, ಯಾವುದೇ ವ್ಯಕ್ತಿ ಎನ್ನುತ್ತದೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಅವರ ಜೀವ ಕಾಯುವುದು ರಾಜ್ಯದ ಕರ್ತವ್ಯ ಎಂದದ್ದು ಇದೇ ವಿಧಿಯ ಮೇಲೆ.

ನಮ್ಮ ಬೆಟ್ಟದ ಆಚೆಗೇ ಹೋಲಿಸಿ ನೋಡಲು ಒಂದು ಊರಿದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅವರಿಗೆ ಸಿಕ್ಕಿದ್ದು ಉಳುವ ಭೂಮಿ. ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿಕೊಂಡರು. 2014ರಲ್ಲಿ ಕೇಂದ್ರ ಟಿಬೆಟಿಯನ್ನರಿಗೆಂದೇ ಪುನರ್ವಸತಿ ನೀತಿಯನ್ನೂ ತಂದಿತು. ಶ್ರೀಲಂಕಾದ ತಮಿಳರಿಗೆ ಅಂಥ ನೀತಿ ಇಲ್ಲ. ಕಾಸರಗೋಡಿನ ಪಕ್ಕದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿರುವ ತಮಿಳರನ್ನೂ ಇವರನ್ನೂ ಅನೇಕರು ಒಂದೇ ಎಂದುಕೊಳ್ಳುತ್ತಾರೆ. ಆ ತೋಟದವರು ಭಾರತ ಮತ್ತು ಶ್ರೀಲಂಕಾ ನಡುವಿನ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಡಿ ಭಾರತದ ಪೌರತ್ವ ಪಡೆದು ಬಂದವರು, ಅವರಿಗೆ ಮತವಿದೆ. ಶಿಬಿರದವರು ಯುದ್ಧಕ್ಕೆ ಹೆದರಿ ಬಂದವರು, ಅವರಿಗಿಲ್ಲ.

ಕಾಗದಪತ್ರದ ವಿಷಯದಲ್ಲಿ ಶಿಬಿರದ ಕುಟುಂಬಗಳಿಗೆ ನೆರವಾಗುವವರು ಮೊದಲು ಹುಟ್ಟಿದ ದಿನಾಂಕ ಕೇಳಬೇಕು. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ತಂದೆತಾಯಿ ಯಾರೇ ಇರಲಿ ಹುಟ್ಟಿನಿಂದಲೇ ಭಾರತದ ನಾಗರಿಕರು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ಪಾಸ್‌ಪೋರ್ಟ್ ಕೊಡಬೇಕೆಂದು ಮದ್ರಾಸ್ ಹೈಕೋರ್ಟ್ 2022ರಲ್ಲಿ ಆದೇಶಿಸಿತು. 2024ರ ಚುನಾವಣೆಯಲ್ಲಿ ಅವರು ಮತ ಹಾಕಿದರು. ಶಿಬಿರಗಳು ಶುರುವಾದ 1983ರಿಂದ 1987ರ ನಡುವೆ ಹುಟ್ಟಿದವರು ಇನ್ನೂ ಇದ್ದಾರೆ. ಜನನ ಪ್ರಮಾಣಪತ್ರ ಅವರ ಕೈಯಲ್ಲಿದ್ದರೆ ದಾರಿ ತೆರೆದಿದೆ. ಆ ತಾರೀಖಿನ ನಂತರ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದ್ದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇಲ್ಲಿನ ಭಾರತೀಯರನ್ನೇ ಮದುವೆಯಾದ ಶಿಬಿರದವರ ಮಕ್ಕಳೂ ಸಿಕ್ಕಿಬೀಳುವುದು ಈ ಕೊನೆಯ ಷರತ್ತಿನಲ್ಲಿ. ಪೌರತ್ವ ತಿದ್ದುಪಡಿ ಕಾಯ್ದೆ ಶ್ರೀಲಂಕಾವನ್ನು ಸೇರಿಸಿಕೊಂಡಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ಆದೇಶ 2015ರ ಜನವರಿ 9ರವರೆಗೆ ಆಶ್ರಯ ಪಡೆದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ಪಾಸ್‌ಪೋರ್ಟ್, ವೀಸಾ ಇಲ್ಲದ ತಪ್ಪಿನ ಶಿಕ್ಷೆಯಿಂದ ಹೊರಗಿಟ್ಟಿದೆ. ಜೈಲಿನ ಭಯ ತಪ್ಪಿತು, ಪೌರತ್ವ ಬರಲಿಲ್ಲ. ಇಲ್ಲಿಯೂ ‘ನೋಂದಾಯಿಸಿಕೊಂಡ’ ಎಂಬ ಮಾತಿದೆ. ಮತ್ತೆ ಅದೇ ಪುಸ್ತಕ.

ಹೊಸದಾಗಿ ಮಗು ಹುಟ್ಟಿದರೆ 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಆಗದು. ತಂದೆತಾಯಿಯ ಹೆಸರನ್ನು ಶಿಬಿರದ ಗುರುತಿನ ಚೀಟಿಯಲ್ಲಿರುವ ಅಕ್ಷರಗಳಲ್ಲೇ ಬರೆಸಬೇಕು. ಇನಿಷಿಯಲ್ ಹಿಂದುಮುಂದಾದರೂ ಮುಂದೆ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕಾರವಾಗುತ್ತದೆ. ಅಮ್ಮ ಅಪ್ಪ ಇಬ್ಬರೂ ಶ್ರೀಲಂಕಾದವರಾಗಿದ್ದರೆ ಚೆನ್ನೈನ ಶ್ರೀಲಂಕಾ ಉಪ ಹೈಕಮಿಷನ್‌ನಲ್ಲಿ ಆ ದೇಶದ ಪೌರತ್ವಕ್ಕೂ ನೋಂದಾಯಿಸಬೇಕು, ಇಲ್ಲದಿದ್ದರೆ ಮಗು ಎರಡೂ ದೇಶಕ್ಕೆ ಸೇರದೆ ಉಳಿಯುತ್ತದೆ. ಈ ಕೆಲಸದಲ್ಲಿ 1984ರಲ್ಲಿ ನಿರಾಶ್ರಿತರೇ ಕಟ್ಟಿಕೊಂಡ ಓಫರ್ ಸಂಸ್ಥೆಗೆ ಅನುಭವವಿದೆ.

ಓದಿನ ಸೌಲಭ್ಯಕ್ಕೆ ಒಳ್ಳೆಯ ಅಂಕ ಕೊಡಬಹುದು. ಸರ್ಕಾರಿ ಶಾಲೆಯಲ್ಲಿ ಪ್ರವೇಶಕ್ಕೆ ತಡೆಯಿಲ್ಲ, ಕಾಲೇಜಿಗೆ ವಿದ್ಯಾರ್ಥಿವೇತನವಿದೆ, ಎಂಜಿನಿಯರಿಂಗ್ ಸೇರುವವರಲ್ಲಿ ಅಂಕದ ಮೇಲೆ ಮೊದಲ 50 ಮಂದಿಯ ಶುಲ್ಕವನ್ನು ಸರ್ಕಾರ ಕಟ್ಟುತ್ತದೆ. ಬೇಸರವಾಗುವುದು ಪದವಿಯ ನಂತರ. ಸರ್ಕಾರಿ ಉದ್ಯೋಗ ಇಲ್ಲ, ಪಾಸ್‌ಪೋರ್ಟ್ ಇಲ್ಲ, ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಒಂದು ಸೆಂಟು ಜಾಗ ಕೊಳ್ಳುವಂತಿಲ್ಲ. ಎಂಜಿನಿಯರಿಂಗ್ ಓದಿದ ಹುಡುಗ ಅಪ್ಪನ ಜೊತೆ ಬಣ್ಣದ ಡಬ್ಬ ಹೊರುತ್ತಾನೆ. ಸರ್ಕಾರ ಅವನ ಓದಿಗೆ ಹಾಕಿದ ಹಣವೂ ಅಲ್ಲಿಗೇ ನಿಲ್ಲುತ್ತದೆ.

ತಾಳವಾಡಿ, ಚಾಮರಾಜನಗರ ಕಡೆ ಮನೆ ಕಟ್ಟಿಸುವವರು ಈ ಶಿಬಿರದ ಪೇಂಟರ್‌ಗಳನ್ನು ಕರೆಸುವುದಿದ್ದರೆ ಕೆಲವು ಮಾತು. ಶಿಬಿರದಿಂದ ಹೊರಗೆ ರಾತ್ರಿ ತಂಗಬೇಕಾದರೆ, ಅದರಲ್ಲೂ ರಾಜ್ಯದ ಗಡಿ ದಾಟಬೇಕಾದರೆ, ಅವರು ಅನುಮತಿ ಪಡೆಯಬೇಕು. ಕೆಲಸದ ಜಾಗ, ದಿನಾಂಕ, ನಿಮ್ಮ ಹೆಸರು, ಫೋನ್ ನಂಬರು ಬರೆದು ಸಹಿ ಹಾಕಿದ ಪತ್ರವನ್ನು ಮುಂಚಿತವಾಗಿ ಕೊಟ್ಟರೆ ಅವರಿಗೆ ಅನುಮತಿ ಕೇಳುವುದು ಸುಲಭ. ತಪಾಸಣೆಯ ದಿನ ಯಾವುದೆಂದು ಮೊದಲೇ ಕೇಳಿ ಆ ದಿನ ಕೆಲಸ ಇಡಬೇಡಿ. ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಿಂದಿನ ದಿನ ಮಧ್ಯಾಹ್ನವೇ ಕಳಿಸಿಕೊಡಿ, ಸಂಜೆಯ ಬಸ್ಸನ್ನು ನಂಬಿ ಕೂರಿಸಬೇಡಿ. ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಿ. ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದ ದಿನ ಅವರ ಬಳಿ ತೋರಿಸಲು ನಿಮ್ಮ ಪತ್ರ ಮತ್ತು ಆ ಪಾಸ್‌ಬುಕ್ಕಿನ ಸಾಲು ಎರಡೂ ಇರುತ್ತವೆ.